ಅಜ್ಜನ ಕಾಲದ ಕೋವಿ: ಬೆಲೆ ಕೆಡದಂತೆ ಕಾಪಾಡುವ ಬಗೆ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ರಿಚ್ಮಂಡ್ ಟೌನ್, ಫ್ರೇಜರ್ ಟೌನ್ ಕಡೆಯ ಹಳೆಯ ಮನೆಗಳಲ್ಲಿ ಈಗಲೂ ಬೀರುವಿನೊಳಗೆ ಬಟ್ಟೆಯ ಗವಸು ತೊಟ್ಟ ಒಂದು ಕೋವಿ ನಿಂತಿರುವುದುಂಟು. ಕೆಲವು ಸಕಲೇಶಪುರ, ಮೂಡಿಗೆರೆ, ಕೊಡಗಿನ ತೋಟದ ಮನೆಗಳಿಂದ ಮಕ್ಕಳ ಜೊತೆ ನಗರಕ್ಕೆ ಬಂದವು. ಇನ್ನು ಕೆಲವನ್ನು ದಂಡಿನ ಇಂಗ್ಲಿಷ್ ಅಧಿಕಾರಿಗಳು ತಮ್ಮ ಊರಿಗೆ ಹೊರಡುವಾಗ ಇಲ್ಲಿನವರಿಗೆ ಮಾರಿ ಹೋಗಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ನಿಂತಿತು. 1980ರ ದಶಕದಲ್ಲಿ ಸಾಮಾನ್ಯ ಜನರಿಗೆ ವಿದೇಶಿ ಕೋವಿಗಳ ಆಮದೂ ನಿಂತಿತು. ಹೀಗಾಗಿ ಹಾಲೆಂಡ್ ಅಂಡ್ ಹಾಲೆಂಡ್, ಪರ್ಡಿ, ವೆಸ್ಟ್ಲಿ ರಿಚರ್ಡ್ಸ್, ಗ್ರೀನರ್, ವೆಬ್ಲಿ ಅಂಡ್ ಸ್ಕಾಟ್ ಎಂಬ ಇಂಗ್ಲಿಷ್ ತಯಾರಕರ ಹೆಸರಿನ ಯಾವ ಕೋವಿ ನಮ್ಮ ದೇಶದಲ್ಲಿ ಉಳಿದಿದೆಯೋ ಅದೇ ಕೈಯಿಂದ ಕೈಗೆ ದಾಟುತ್ತಿದೆ. ಹೊಸದು ಬಂದು ಸೇರುವುದಿಲ್ಲ.

ಇಷ್ಟು ಅಪರೂಪದ ವಸ್ತು ಹಾಳಾಗುವುದು ಬಹುಪಾಲು ಪ್ರೀತಿಯಿಂದಲೇ. ಹೊಳೆಯಲಿ ಎಂದು ಉಜ್ಜಿಸುತ್ತಾರೆ, ಹೊಸದಾಗಿ ಕಾಣಲಿ ಎಂದು ಮರಕ್ಕೆ ಪಾಲಿಶ್ ಹೊಡೆಸುತ್ತಾರೆ, ಹಬ್ಬದಲ್ಲಿ ಭಕ್ತಿಯಿಂದ ಕುಂಕುಮ ಹಚ್ಚಿ ಹಾಗೇ ಒಳಗಿಡುತ್ತಾರೆ. ಸಂಗ್ರಹಕಾರ ಹಣ ಕೊಡುವುದು ಕಾರ್ಖಾನೆಯಿಂದ ಬಂದಾಗಿನ ಮೇಲ್ಮೈ ಎಷ್ಟು ಉಳಿದಿದೆ, ದಾಖಲೆ ಎಷ್ಟು ಸರಿಯಾಗಿದೆ ಎಂಬುದಕ್ಕೆ. ಮುಂದೆ ಹೇಳುವುದೆಲ್ಲ ಈ ಎರಡನ್ನೂ ಕಾಪಾಡಿಕೊಳ್ಳುವ ದಾರಿ.

1. ಮೊದಲು ಖಾಲಿ ಇದೆಯೇ ನೋಡಿ

ಬೆಲೆಯ ಮಾತು ಆಮೇಲೆ. ಎಷ್ಟೋ ವರ್ಷ ಯಾರೂ ಮುಟ್ಟದ ಕೋವಿ ಖಾಲಿಯೇ ಇರುತ್ತದೆ ಎಂದುಕೊಳ್ಳಬೇಡಿ. ಬಾಯಿಯ ಕಡೆಯಿಂದ ಮದ್ದು ತುಂಬುವ ಕೇಪಿನ (ಮದ್ದಿಗೆ ಕಿಡಿ ತಾಗಿಸುವ ಪುಟ್ಟ ಲೋಹದ ಟೋಪಿಯ) ಕೋವಿಗಳಲ್ಲಿ ಈ ಅಪಾಯ ಹೆಚ್ಚು. ಹಂದಿ ಬಂದರೆ ಇರಲಿ ಎಂದು ಈಡು ತುಂಬಿ ಗೋಡೆಗೆ ಒರಗಿಸಿದ್ದು ಎರಡು ತಲೆಮಾರು ಹಾಗೇ ಉಳಿದಿರುತ್ತದೆ. ತೇವ ತಗಲದ ಕರಿಮದ್ದು ನೂರು ವರ್ಷ ಕಳೆದರೂ ಸಿಡಿಯುತ್ತದೆ.

ಇದನ್ನು ಪರೀಕ್ಷಿಸುವಾಗ ನಳಿಗೆಯ ಬಾಯಿಗೆ ಮುಖ ತರಬೇಡಿ, ಎದುರಿಗೆ ಯಾರೂ ನಿಲ್ಲಬಾರದು. ಕೇಪು ಕೂರಿಸುವ ಮೊಳೆಯ ಮೇಲೆ ಕೇಪು ಇಲ್ಲವೆಂದು ಕಣ್ಣಾರೆ ನೋಡಿಕೊಳ್ಳಿ. ಕೇಪು ಕಂಡರೆ ಅಲ್ಲಿಗೇ ನಿಲ್ಲಿಸಿ, ಲೈಸೆನ್ಸ್ ಇರುವ ಡೀಲರ್ ಅಂಗಡಿಗೆ ತಿಳಿಸಿ. ಇಲ್ಲದಿದ್ದರೆ ತೆಳ್ಳಗಿನ ಮರದ ಕಡ್ಡಿಯೊಂದನ್ನು ಪಕ್ಕದಿಂದ ನಳಿಗೆಯೊಳಕ್ಕೆ ಮೆಲ್ಲಗೆ ಇಳಿಬಿಡಿ. ಬಾಯಿಯ ಮಟ್ಟದಲ್ಲಿ ಪೆನ್ಸಿಲ್ ಗುರುತು ಹಾಕಿ ಹೊರತೆಗೆದು, ನಳಿಗೆಯ ಹೊರಮೈಗೆ ಹಿಡಿದು ನೋಡಿ. ಕಡ್ಡಿ ಮೊಳೆ ಇರುವ ಜಾಗದವರೆಗೂ ಮುಟ್ಟಿದ್ದರೆ ಖಾಲಿ. ಎರಡು ಮೂರು ಬೆರಳು ಮೊದಲೇ ನಿಂತಿದ್ದರೆ ಒಳಗೆ ಏನೋ ಇದೆ. ಅದನ್ನು ಕೆದಕಬೇಡಿ, ಬಿಸಿ ಮಾಡಬೇಡಿ, ನೀರು ಸುರಿದು ಸರಿಹೋಯಿತು ಎಂದುಕೊಳ್ಳಬೇಡಿ. ತೆಗೆಯುವ ಕೆಲಸ ಅಂಗಡಿಯ ಕೋವಿ ದುರಸ್ತಿಗಾರನದು, ಅಂದರೆ ಆರ್ಮರರ್‌ದು.

ತೋಟಾ ಹಾಕುವ ಡಬಲ್ ಬ್ಯಾರಲ್ ಆದರೆ ಮಡಿಸಿ ತೆರೆದು ಎರಡೂ ಗೂಡು ನೋಡಿದರೆ ಸಾಕು. ತೆರೆಯಲು ಬರದಷ್ಟು ಬಿಗಿದಿದ್ದರೆ ಜೋರು ಮಾಡಬೇಡಿ.

2. ಕಾಗದ ಸರಿಯಿದ್ದರೆ ಮಾತ್ರ ಬೆಲೆ

ಲೈಸೆನ್ಸ್ ತಪ್ಪಿದ ಕೋವಿ ಎಷ್ಟೇ ಅಪರೂಪದ್ದಾದರೂ ಅದಕ್ಕೆ ಬೆಲೆಯಿಲ್ಲ, ಇಟ್ಟುಕೊಂಡವರ ಮೇಲೆ ಕೇಸು ಬೀಳುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳು ಇದಕ್ಕೆ ಆಧಾರ. ಬೆಂಗಳೂರು ನಗರದ ಮಟ್ಟಿಗೆ ಲೈಸೆನ್ಸ್ ಕೊಡುವವರು ಪೊಲೀಸ್ ಕಮಿಷನರ್. ಕಮಿಷನರೇಟ್ ಇಲ್ಲದ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ. ಹಾಸನದ ಡಿಸಿ ಕೊಟ್ಟ ಲೈಸೆನ್ಸ್ ಹಿಡಿದು ಜಯನಗರಕ್ಕೆ ಮನೆ ಬದಲಿಸಿದವರು ವಿಳಾಸ ಬದಲಾವಣೆಯನ್ನು ಇನ್‌ಫೆಂಟ್ರಿ ರಸ್ತೆಯ ಕಮಿಷನರ್ ಕಚೇರಿಯಲ್ಲಿ ತಡಮಾಡದೆ ದಾಖಲಿಸಬೇಕು.

2019ರ ತಿದ್ದುಪಡಿಯ ಪ್ರಕಾರ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಮೊದಲು ಮೂರು ಇಟ್ಟುಕೊಳ್ಳಬಹುದಿತ್ತು. ವಂಶಪಾರಂಪರ್ಯವಾಗಿ ಬಂದದ್ದು ಎಂದರೂ ಈ ಮಿತಿಗೆ ವಿನಾಯಿತಿ ಇಲ್ಲ. ಲೈಸೆನ್ಸಿನ ಅವಧಿ ಮಾತ್ರ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು. ಅವಧಿ ಮುಗಿಯುವ ಎರಡು ತಿಂಗಳಿಗೂ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಿ, ಸ್ವೀಕೃತಿಯ ಪ್ರತಿಯನ್ನು ಲೈಸೆನ್ಸ್ ಪುಸ್ತಕದ ಜೊತೆಯಲ್ಲೇ ಇಡಿ.

ಹೆಚ್ಚಿನ ಮನೆಗಳು ಎಡವುವುದು ಲೈಸೆನ್ಸ್ ಹೊಂದಿದ್ದ ಹಿರಿಯರು ತೀರಿಕೊಂಡಾಗ. ಹದಿಮೂರು ದಿನದ ಗಡಿಬಿಡಿಯಲ್ಲಿ ಕೋವಿಯ ನೆನಪು ಯಾರಿಗಿರುತ್ತದೆ? ಆದರೆ ಅವರ ನಂತರ ಆ ಕೋವಿಯನ್ನು ಮನೆಯಲ್ಲಿಟ್ಟುಕೊಳ್ಳುವ ಹಕ್ಕು ಉಳಿದವರಿಗೆ ತಾನಾಗಿ ಬರುವುದಿಲ್ಲ. ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಬಳಿಯೋ ಕೂಡಲೇ ಡಿಪಾಸಿಟ್ ಮಾಡಿ ರಸೀದಿ ಪಡೆದು, ಆಮೇಲೆ ವಾರಸುದಾರರಾಗಿ ಅರ್ಜಿ ಹಾಕಬೇಕು. ಇದಕ್ಕಿಂತ ಒಳ್ಳೆಯ ದಾರಿಯೂ ನಿಯಮದಲ್ಲಿದೆ. ಲೈಸೆನ್ಸ್ ಹೊಂದಿದವರಿಗೆ 70 ವರ್ಷ ತುಂಬಿದ್ದರೆ, ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ, ಬದುಕಿರುವಾಗಲೇ ಮಗನಿಗೋ ಮಗಳಿಗೋ ವರ್ಗಾಯಿಸಲು ಅರ್ಜಿ ಹಾಕಬಹುದು. ಮನೆಯಲ್ಲಿ ಅಂಥ ಹಿರಿಯರಿದ್ದರೆ ಈ ಮಾತನ್ನು ಈ ವರ್ಷವೇ ಎತ್ತಿ. ಕೋವಿ ಯಾರದು, ಯಾವಾಗ ಬಂತು, ಯಾರಿಗೆ ಸೇರಬೇಕು ಎಂಬುದನ್ನು ಅವರೇ ಕೂತು ಹೇಳಿದರೆ ಮುಂದಿನ ಎಷ್ಟೋ ತಕರಾರು ತಪ್ಪುತ್ತದೆ.

ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ, ಅಂದರೆ 2029ರವರೆಗೆ ಮುಂದುವರಿಸಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆಯ) ಕೋವಿಯನ್ನು ಅದರ ಬಲದ ಮೇಲೆ ಬೆಂಗಳೂರಿನ ಫ್ಲಾಟಿಗೆ ತರುವ ಮೊದಲು ಇಲ್ಲಿನ ಲೈಸೆನ್ಸ್ ಶಾಖೆಯಲ್ಲಿ ಲಿಖಿತವಾಗಿ ಕೇಳಿ ಉತ್ತರ ಪಡೆಯಿರಿ.

ಹಳೆಯದಾದರೆ ಲೈಸೆನ್ಸ್ ಬೇಡ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಕಾಯ್ದೆಯ 45ನೇ ಕಲಂ ಅಷ್ಟು ಸಡಿಲವಾಗಿಲ್ಲ. ಹಳೆಯ ಮಾದರಿಯದ್ದೋ ಪುರಾತನ ಮೌಲ್ಯದ್ದೋ ಆಗಿರುವ ಜೊತೆಗೆ, ದುರಸ್ತಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದಂತಿರಬೇಕು. ಅದನ್ನು ನೀವೇ ತೀರ್ಮಾನಿಸಬೇಡಿ. ಲೈಸೆನ್ಸ್ ತಪ್ಪಿಸಿಕೊಳ್ಳಲೆಂದು ನಳಿಗೆಗೆ ತೂತು ಕೊರೆಸುವುದು, ವೆಲ್ಡಿಂಗ್ ಮಾಡಿಸುವುದು ಸಂಗ್ರಹದ ಬೆಲೆಯನ್ನು ಒಂದೇ ಏಟಿಗೆ ಕೊಲ್ಲುತ್ತದೆ. ನಳಿಗೆ ಕತ್ತರಿಸಿ ಗಿಡ್ಡ ಮಾಡಿಸುವುದಂತೂ ಅಪರಾಧ.

3. ಕೈಯಲ್ಲಿರುವುದು ಏನೆಂದು ಓದಿಕೊಳ್ಳಿ

ಹಗಲು ಬೆಳಕಿನಲ್ಲಿ, ಕಿಟಕಿ ಪಕ್ಕದ ಮೇಜಿಗೆ ಹಳೆಯ ಹತ್ತಿ ಪಂಚೆ ಹಾಸಿ ಕೂರಿ. ಕೈಗೆ ಹತ್ತಿ ಅಥವಾ ನೈಟ್ರೈಲ್ ಗ್ಲೌಸ್ ಇರಲಿ. ಬೆವರಿನ ಉಪ್ಪು ಉಕ್ಕಿನ ಮೇಲೆ ಕೂತರೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಹಿಡಿಯುತ್ತದೆ.

ಡಬಲ್ ಬ್ಯಾರಲ್ ಆದರೆ ಮುಂಭಾಗದ ಮರದ ತುಂಡನ್ನು ಬಿಚ್ಚಿ ನಳಿಗೆಗಳನ್ನು ಬೇರೆ ಮಾಡಿ. ತಿರುಪಿಗೆ ಕೈ ಹಾಕದೆ ಬಿಚ್ಚಬಹುದಾದದ್ದು ಇಷ್ಟೇ. ಈಗ ನಳಿಗೆಯ ಬುಡವನ್ನು ತಲೆಕೆಳಗು ಮಾಡಿ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಚಪ್ಪಟೆ ಜಾಗದಲ್ಲಿ ಪುಟ್ಟ ಪುಟ್ಟ ಮುದ್ರೆಗಳು ಎದ್ದು ಬರುತ್ತವೆ: ಕಿರೀಟ, ಅದರ ಕೆಳಗೆ ಅಕ್ಷರ, ಬೋರಿನ (ನಳಿಗೆಯ ಒಳಅಗಲದ) ಅಂಕಿ. ಇವು ಪ್ರೂಫ್ ಮುದ್ರೆಗಳು. ಹೆಚ್ಚಿನ ಮದ್ದು ತುಂಬಿ ಹೊಡೆದು ನೋಡಿ ನಳಿಗೆ ತಾಳಿತು ಎಂದು ಪ್ರೂಫ್ ಹೌಸ್ ಒತ್ತಿದ ಗುರುತುಗಳು. ಲಂಡನ್ನಿನ ಗನ್‌ಮೇಕರ್ಸ್ ಕಂಪನಿ 1637ರಿಂದ ಇದೆ, ಬರ್ಮಿಂಗ್ಹ್ಯಾಮಿನ ಪ್ರೂಫ್ ಹೌಸ್ ಶುರುವಾದದ್ದು 1813ರಲ್ಲಿ. ಬೆಲ್ಜಿಯಂನ ಲಿಯೇಜ್‌ನಲ್ಲಿ ಮಾಡಿದ್ದಾದರೆ ಮೊಟ್ಟೆಯಾಕಾರದೊಳಗೆ ಇ-ಎಲ್-ಜಿ ಅಕ್ಷರಗಳಿರುತ್ತವೆ. ನೈಟ್ರೋ ಪ್ರೂಫ್, ಅಂದರೆ ಇಂದಿನ ಹೊಗೆಯಿಲ್ಲದ ಮದ್ದಿಗೆ ತಾಳುತ್ತದೆ ಎಂಬ ಗುರುತು ಇಲ್ಲದ ಕೋವಿ ಕರಿಮದ್ದಿಗೆ ಮಾತ್ರ ಮಾಡಿದ್ದು, ಅದಕ್ಕೆ ಇಂದಿನ ತೋಟಾ ಹಾಕಲೇಬಾರದು. ಇದ್ದರೂ ಇನ್ನೊಂದು ಎಚ್ಚರಿಕೆ ಬೇಕು: ಹಳೆಯ ಇಂಗ್ಲಿಷ್ 12 ಬೋರುಗಳಲ್ಲಿ ಹೆಚ್ಚಿನವಕ್ಕೆ ಎರಡೂವರೆ ಇಂಚಿನ, ಅಂದರೆ 65 ಮಿಲಿಮೀಟರ್ ತೋಟಾದ ಗೂಡು. 70 ಮಿಲಿಮೀಟರಿನ ತೋಟಾ ಒಳಗೆ ಕೂತಂತೆ ಕಂಡರೂ ಸಿಡಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ.

ನಳಿಗೆಗಳ ನಡುವಿನ ಪಟ್ಟಿಯ ಮೇಲೆ ತಯಾರಕರ ಹೆಸರು, ಬೀದಿಯ ವಿಳಾಸ ಕೆತ್ತಿರುತ್ತದೆ. ಕಂಪನಿಗಳು ಕಾಲಕಾಲಕ್ಕೆ ಅಂಗಡಿ ಬದಲಿಸಿದ್ದರಿಂದ ವಿಳಾಸವೇ ಕಾಲ ಹೇಳುತ್ತದೆ. ಹಾಲೆಂಡ್ ಅಂಡ್ ಹಾಲೆಂಡ್ ಕೋವಿಯ ಮೇಲೆ 98, ನ್ಯೂ ಬಾಂಡ್ ಸ್ಟ್ರೀಟ್ ಎಂದಿದ್ದರೆ ಅದು 1960ಕ್ಕೆ ಮೊದಲಿನದು. ಮ್ಯಾಂಟನ್, ಕಲ್ಕತ್ತಾ ಎಂಬಂತೆ ನಮ್ಮ ದೇಶದ ಅಂಗಡಿಯ ಹೆಸರೂ ಇರಬಹುದು. ಕ್ರಮಸಂಖ್ಯೆ ಸಾಮಾನ್ಯವಾಗಿ ಟ್ರಿಗರ್ ಗಾರ್ಡಿನ ಬಾಲದ ಮೇಲೆ, ನಳಿಗೆಯ ಬುಡದಲ್ಲಿ, ಮುಂಭಾಗದ ಮರದ ಕಬ್ಬಿಣದ ಮೇಲೆ ಹೀಗೆ ಹಲವು ಕಡೆ ಇರುತ್ತದೆ. ಎಲ್ಲ ಕಡೆ ಒಂದೇ ಸಂಖ್ಯೆ ಇದ್ದರೆ ನಿಮ್ಮ ಕೋವಿ ಬೆರಕೆಯಾಗಿಲ್ಲ. ಲೈಸೆನ್ಸಿನಲ್ಲಿ ಬರೆದಿರುವುದೂ ಅದೇ ಸಂಖ್ಯೆಯೇ ನೋಡಿ. ಹಿಂದಿನ ಗುಮಾಸ್ತರು 3 ಅನ್ನು 8 ಎಂದು ಬರೆದಿದ್ದರೆ ಈಗಲೇ ತಿದ್ದಿಸಿಕೊಳ್ಳಿ, ಮಾರುವ ಹೊತ್ತಿಗೆ ಅದು ದೊಡ್ಡ ತೊಡಕಾಗುತ್ತದೆ.

ಎಲ್ಲದರ ಫೋಟೋ ತೆಗೆಯಿರಿ. ಗೀರು, ಬಿರುಕು, ಸವೆದ ಜಾಗಗಳದ್ದೂ ಬೇಕು. ತಯಾರಕರು ಇನ್ನೂ ಇದ್ದರೆ ಕ್ರಮಸಂಖ್ಯೆ ಕೊಟ್ಟು ಅವರ ಹಳೆಯ ಖಾತೆ ಪುಸ್ತಕದ ವಿವರ ಕೇಳಬಹುದು. ಯಾವ ವರ್ಷ ಮಾಡಿದ್ದು, ಮೊದಲು ಕೊಂಡವರು ಯಾರು, ನಳಿಗೆಯ ಉದ್ದ ಎಷ್ಟಿತ್ತು ಎಂಬುದು ಅಲ್ಲಿ ಸಿಗುತ್ತದೆ. ನನ್ನ ಅನುಭವದಲ್ಲಿ ಇದರಷ್ಟು ಕಡಿಮೆ ಖರ್ಚಿನಲ್ಲಿ ಬೆಲೆ ಏರಿಸುವ ಕೆಲಸ ಇನ್ನೊಂದಿಲ್ಲ.

4. ಉಜ್ಜಬೇಡಿ, ಹೊಸ ಬಣ್ಣ ಹಾಕಿಸಬೇಡಿ

ನಳಿಗೆಯ ಕಪ್ಪು ನೀಲಿ ಹೊಳಪು ಮೇಲೆ ಬಳಿದ ಬಣ್ಣವಲ್ಲ. ಕಬ್ಬಿಣವನ್ನೇ ಹದವಾಗಿ ಮತ್ತೆ ಮತ್ತೆ ತುಕ್ಕು ಹಿಡಿಸಿ, ಕುದಿಸಿ, ತಿಕ್ಕಿ ಬರಿಸಿದ ಪದರ. ಹಾಗಾಗಿ ತುಕ್ಕು ತೆಗೆಯುವ ಯಾವುದೇ ದ್ರವ ಈ ಪದರವನ್ನೂ ತಿಂದುಬಿಡುತ್ತದೆ. ನಿಂಬೆಹಣ್ಣು, ವಿನೆಗರ್, ಹುಣಸೆಹಣ್ಣು ಎಲ್ಲವೂ ಇದೇ ಸಾಲಿಗೆ ಸೇರುತ್ತವೆ. ಕೇಪಿನ ಕೋವಿಗಳ ಹಿತ್ತಾಳೆ ಪಟ್ಟಿಯನ್ನು ದೇವರ ದೀಪದ ಹಾಗೆ ಹುಣಸೆಹಣ್ಣು ಹಾಕಿ ಬೆಳಗಿದ ಮನೆಗಳುಂಟು. ನೂರು ವರ್ಷದಲ್ಲಿ ಕೂಡಿದ ಕಂದು ಛಾಯೆ ಹತ್ತು ನಿಮಿಷದಲ್ಲಿ ಹೋಗುತ್ತದೆ, ಹುಳಿಯ ರಸ ಮರ ಮತ್ತು ಲೋಹದ ಸಂದಿಗೆ ಇಳಿದು ಒಳಗೊಳಗೇ ಹಸಿರು ಕಿಲುಬು ಕಟ್ಟುತ್ತದೆ. ಬ್ರಾಸ್ಸೋ ಕೂಡ ಬೇಡ.

ಬಫಿಂಗ್ ಚಕ್ರಕ್ಕೆ ಕೊಟ್ಟ ಕೋವಿಯನ್ನು ಬಲ್ಲವರು ದೂರದಿಂದಲೇ ಗುರುತಿಸುತ್ತಾರೆ. ಅಂಚುಗಳು ದುಂಡಗಾಗಿರುತ್ತವೆ, ಕೆತ್ತನೆಯ ಗೆರೆಗಳು ಕರಗಿದಂತಿರುತ್ತವೆ, ತಿರುಪಿನ ತೂತಿನ ಸುತ್ತ ತಗ್ಗು ಬಿದ್ದಿರುತ್ತದೆ. ಕಬ್ಬಿಣ ಮತ್ತು ಉಕ್ಕಿನ ಎಳೆಗಳನ್ನು ಹೆಣೆದು ಬೆಸೆದ ಡಮಾಸ್ಕಸ್ ನಳಿಗೆಯಲ್ಲಿ ಸುರುಳಿ ಸುರುಳಿ ವಿನ್ಯಾಸವೇ ಅಳಿಸಿಹೋಗುತ್ತದೆ. ಮೂಲ ಬಣ್ಣ ಸ್ವಲ್ಪವೇ ಉಳಿದಿದ್ದರೂ, ಪೂರ್ತಿ ಹೊಸ ಬಣ್ಣ ಹಾಕಿಸಿದ್ದಕ್ಕಿಂತ ಅದೇ ಮೇಲು. ಟ್ರಿಗರಿನ ಸುತ್ತಲ ಉಕ್ಕಿನ ಮೇಲೆ ತೇಲುವ ನೀಲಿ, ಕಂದು, ನೇರಳೆ ಮಿಶ್ರ ಬಣ್ಣವಂತೂ ಬಹಳ ನಾಜೂಕು. ಅದಕ್ಕೆ ಬಿಸಿಲೂ ಬೀಳಬಾರದು.

ತಿರುಪುಗಳ ಬಗ್ಗೆಯೂ ಒಂದು ಮಾತು. ಹಳೆಯ ಇಂಗ್ಲಿಷ್ ಕೋವಿಯ ತಿರುಪಿನ ಸೀಳು ಕೂದಲೆಳೆಯಷ್ಟು ಸಣ್ಣ. ಅಂಗಡಿಯ ಸಾಮಾನ್ಯ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತಲೆ ಕಿತ್ತುಬರುತ್ತದೆ. ಕಿತ್ತ ತಿರುಪು ಕಂಡ ಕೂಡಲೇ ಕೊಳ್ಳುವವರು ಒಳಗೆ ಯಾರೋ ಕೈಯಾಡಿಸಿದ್ದಾರೆ ಎಂದು ಬೆಲೆ ಇಳಿಸುತ್ತಾರೆ. ಒಳಗಿನ ಕೆಲಸವೇನಿದ್ದರೂ ಆ ಕೋವಿಗೆಂದೇ ಬಾಯಿ ಅರೆದು ಹೊಂದಿಸಿದ ಸಲಕರಣೆ ಇರುವ ಆರ್ಮರರ್ ಬಳಿಯೇ ಆಗಲಿ.

5. ತುಕ್ಕು, ಎಣ್ಣೆ, ಮೇಣ

ಎಲ್ಲ ತುಕ್ಕೂ ಒಂದೇ ಅಲ್ಲ. ಗಟ್ಟಿಯಾಗಿ ಕೂತ ಗಾಢ ಕಂದು ಬಣ್ಣ ವಯಸ್ಸಿನ ಗುರುತು, ಅದನ್ನು ಬಿಟ್ಟುಬಿಡಿ. ಬಟ್ಟೆಗೆ ಕಿತ್ತಳೆ ಪುಡಿಯಾಗಿ ಅಂಟುವ ತುಕ್ಕು ಮಾತ್ರ ಇನ್ನೂ ತಿನ್ನುತ್ತಿರುವಂಥದ್ದು. ಅದರ ಮೇಲೆ ತೆಳುವಾದ ಗನ್ ಆಯಿಲ್ ಒಂದು ತೊಟ್ಟು ಬಿಟ್ಟು ಒಂದು ದಿನ ಹಾಗೇ ಇರಲಿ. ಆಮೇಲೆ ಹತ್ತಿ ಬಟ್ಟೆಯಿಂದ ಒರೆಸಿ. ಹೋಗದಿದ್ದರೆ ಬಿದಿರಿನ ಕಡ್ಡಿಯ ತುದಿಯಿಂದ ಮೆಲ್ಲಗೆ ಎಬ್ಬಿಸಿ, ಮತ್ತೆ ಎಣ್ಣೆ, ಮತ್ತೆ ಬಟ್ಟೆ. ಸ್ಯಾಂಡ್‌ಪೇಪರ್, ಪಾತ್ರೆ ತಿಕ್ಕುವ ಸ್ಟೀಲ್ ನಾರು ಹತ್ತಿರ ಬರಕೂಡದು. ಅವಸರವಿಲ್ಲದವರಿಗೆ ಮಾತ್ರ ಈ ಕೆಲಸ.

ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ ಹಚ್ಚುವ ರೂಢಿ ಕೆಲವು ಮನೆಗಳಲ್ಲಿದೆ. ಅಡುಗೆ ಎಣ್ಣೆಗಳು ಗಾಳಿಗೆ ಗಟ್ಟಿಯಾಗಿ ಅಂಟಾಗುತ್ತವೆ, ಧೂಳು ಹಿಡಿಯುತ್ತವೆ, ಒಳಗಿನ ಸ್ಪ್ರಿಂಗುಗಳನ್ನು ಹಿಡಿದು ನಿಲ್ಲಿಸುತ್ತವೆ. ಈಗಾಗಲೇ ಅಂಟು ಕಟ್ಟಿದ್ದರೆ ಮಿನರಲ್ ಟರ್ಪೆಂಟೈನ್ ಚೂರು ತಾಗಿಸಿದ ಬಟ್ಟೆಯಿಂದ ಲೋಹವನ್ನಷ್ಟೇ ಒರೆಸಿ, ಮರಕ್ಕೆ ತಗಲಿಸಬೇಡಿ. ಡಬ್ಲ್ಯುಡಿ-40 ತೇವ ಓಡಿಸಲು ಸರಿ, ವರ್ಷಗಟ್ಟಲೆ ಕಾಯುವ ಶಕ್ತಿ ಅದಕ್ಕಿಲ್ಲ.

ಬಳಸದೆ ಇಡುವ ಕೋವಿಗೆ ನಾನು ಹೇಳುವುದು ಮೇಣವನ್ನೇ. ವಸ್ತುಸಂಗ್ರಹಾಲಯಗಳಲ್ಲಿ ಬಳಸುವ ಮೈಕ್ರೋಕ್ರಿಸ್ಟಲೈನ್ ಮೇಣ, ರೆನೆಸಾನ್ಸ್ ವ್ಯಾಕ್ಸ್ ಎಂಬ ಹೆಸರಿನದು, ಆನ್‌ಲೈನಿನಲ್ಲಿ ಸಿಗುತ್ತದೆ. ಸ್ವಚ್ಛ ಮಾಡಿದ ಲೋಹಕ್ಕೆ ತೆಳುವಾಗಿ ಸವರಿ, ಕೆಲವು ನಿಮಿಷ ಬಿಟ್ಟು ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಮರಕ್ಕೂ ಅದೇ ಹಚ್ಚಬಹುದು. ನಳಿಗೆಯ ಒಳಗೆ ಮಾತ್ರ ತೆಳುವಾದ ಎಣ್ಣೆ.

ಎಣ್ಣೆ ಹೆಚ್ಚಾದರೂ ತೊಂದರೆಯೇ. ಕೋವಿಯನ್ನು ಬಾಯಿ ಮೇಲೆ ಮಾಡಿ ನಿಲ್ಲಿಸಿದರೆ ಎಣ್ಣೆ ನಿಧಾನವಾಗಿ ಕೆಳಗಿಳಿದು, ಲೋಹ ಮರವನ್ನು ಸೇರುವ ಜಾಗದಲ್ಲಿ ನೆನೆಯುತ್ತದೆ. ಅಲ್ಲಿನ ವಾಲ್‌ನಟ್ ಮರ ಕಪ್ಪಾಗಿ, ಮೆತ್ತಗಾಗಿ, ಕೊನೆಗೆ ಬಿರುಕು ಬಿಡುತ್ತದೆ. ಆದ್ದರಿಂದ ಬಾಯಿ ಕೆಳಗೆ ಮಾಡಿ, ಮೆತ್ತನೆಯ ಒಣ ತುಂಡಿನ ಮೇಲೆ ನಿಲ್ಲಿಸಿ. ಮರಕ್ಕೆ ವಾರ್ನಿಷ್, ಸ್ಪ್ರೇ ಪಾಲಿಶ್ ಹೊಡೆಸಬೇಡಿ. ಹಿಡಿಯ ಚೌಕುಳಿ ಕೆತ್ತನೆ ಸವೆದಿದ್ದರೆ ಸವೆದಂತೆಯೇ ಇರಲಿ. ಬೆಳ್ಳಿಯ ಪುಟ್ಟ ತಗಡಿನ ಮೇಲೆ ಯಾರದೋ ಹೆಸರಿನ ಮೊದಲಕ್ಷರಗಳಿದ್ದರೆ ಅದನ್ನು ಅಳಿಸಬೇಡಿ, ಅದು ಕೋವಿಯ ಚರಿತ್ರೆಯ ಭಾಗ.

6. ಬೆಂಗಳೂರಿನ ಹವೆಯಲ್ಲಿ ಎಲ್ಲಿ, ಹೇಗೆ ಇಡಬೇಕು

ನಮ್ಮ ಊರು ಮಂಗಳೂರಿನಷ್ಟು ಜಿನುಗುವ ಊರಲ್ಲ, ನಿಜ. ಆದರೆ ಇಲ್ಲಿ ಏರಿಳಿತ ಹೆಚ್ಚು. ಮಾರ್ಚಿನ ಮಧ್ಯಾಹ್ನ ಗಾಳಿ ಒಣಗಿ ಮರ ಕುಗ್ಗುತ್ತದೆ, ಆಗಸ್ಟಿನಿಂದ ಅಕ್ಟೋಬರಿನವರೆಗೆ ತೇವ ಕುಡಿದು ಹಿಗ್ಗುತ್ತದೆ. ಆರ್ದ್ರತೆ 45ರಿಂದ 55 ಶೇಕಡಾ ನಡುವೆ ನಿಂತರೆ ಲೋಹಕ್ಕೂ ಮರಕ್ಕೂ ಹಿತ. 60 ದಾಟಿದ ಮೇಲೆ ತುಕ್ಕಿನ ವೇಗ ಹೆಚ್ಚುತ್ತದೆ. ಎಸ್‌ಪಿ ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಡಿಜಿಟಲ್ ಹೈಗ್ರೋಮೀಟರ್ ಸಿಗುತ್ತದೆ. ಒಂದನ್ನು ತಂದು ಬೀರುವಿನೊಳಗೇ ಇಡಿ.

ಅಟ್ಟ ಬೇಡ, ಅಲ್ಲಿ ತಾರಸಿಯ ಕಾವು. ಬಚ್ಚಲುಮನೆಗೆ ಅಂಟಿದ ಗೋಡೆ ಬೇಡ, ಮಳೆ ಬಡಿಯುವ ಹೊರಗೋಡೆಯೂ ಬೇಡ. ಮನೆಯ ನಡುವಿನ ಕೋಣೆಯಲ್ಲಿ, ಗೋಡೆಯಿಂದ ನಾಲ್ಕು ಬೆರಳು ದೂರ, ನೆಲಕ್ಕೆ ಬೋಲ್ಟ್ ಮಾಡಿದ, ಬೀಗವಿರುವ ಉಕ್ಕಿನ ಬೀರು ಸರಿ. ತೋಟಾಗಳು ಬೇರೆ ಬೀಗದಲ್ಲಿರಲಿ. ಒಳಗೆ ಸಿಲಿಕಾ ಜೆಲ್ ಚೀಲಗಳನ್ನಿಟ್ಟು, ಬಣ್ಣ ತಿರುಗಿದಾಗ ಓವನ್ನಿನಲ್ಲಿ ಸುಮಾರು 120 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ಬಳಸಿ.

ಕೋವಿಯ ಜೊತೆ ಬಂದ ಚರ್ಮದ ಪೆಟ್ಟಿಗೆ, ಒಳಗೆ ಅಂಟಿಸಿದ ತಯಾರಕರ ಚೀಟಿ, ಶುಚಿ ಮಾಡುವ ಕಡ್ಡಿ, ಎಣ್ಣೆ ಬಾಟಲಿ ಇವಕ್ಕೆಲ್ಲ ಬೆಲೆಯಿದೆ, ಜೋಪಾನ ಮಾಡಿ. ಆದರೆ ಕೋವಿಯನ್ನು ಅದರೊಳಗೆ ಇಡಬೇಡಿ. ಹದಮಾಡಿದ ಚರ್ಮದ ಆಮ್ಲ ಉಕ್ಕಿಗೆ ಹಗೆ, ಚರ್ಮ ತೇವವನ್ನೂ ಹಿಡಿದಿಡುತ್ತದೆ. ಕ್ಯಾನ್ವಾಸ್ ಗವಸು, ಸ್ಪಂಜಿನ ಪೆಟ್ಟಿಗೆಗಳು ಸಾಗಿಸಲು ಮಾತ್ರ.

7. ಕೈಲ್ ಪೊಳ್ದ್, ಆಯುಧಪೂಜೆಯ ದಿನ

ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಕೋವಿ ಹೊರಬರುವ ಹಬ್ಬಗಳೂ ಆಗಲೇ. ಸೆಪ್ಟೆಂಬರ್ 3ರ ಕೈಲ್ ಪೊಳ್ದ್‌ನಲ್ಲಿ ಕೊಡವರು ಕೋವಿಯ ಬಾಯಿಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸುತ್ತಾರೆ. ನವರಾತ್ರಿಯ ಆಯುಧಪೂಜೆಗೆ ಉಳಿದ ಮನೆಗಳಲ್ಲಿ ಅರಿಶಿನ, ಕುಂಕುಮ, ಗಂಧ, ಸೇವಂತಿಗೆ, ನಿಂಬೆಹಣ್ಣು.

ಪೂಜೆ ಬಿಡಿ ಎಂದು ಯಾರೂ ಹೇಳಬಾರದು. ಆ ಕೋವಿ ಮನೆಯಲ್ಲಿ ಉಳಿದಿರುವುದೇ ಆ ಗೌರವದಿಂದ. ಆದರೆ ಒದ್ದೆ ಗಂಧದ ಮೇಲೆ ಇಟ್ಟ ಕುಂಕುಮ ಹತ್ತು ದಿನ ಹಾಗೇ ಉಳಿದರೆ ಏನಾಗುತ್ತದೆ ಎಂಬುದನ್ನು ಇಂಥ ಕೋವಿಗಳ ಮೇಲೆ ಬೇಕಾದಷ್ಟು ನೋಡಬಹುದು. ನಳಿಗೆಯ ಬುಡದಲ್ಲಿ, ಸರಿಯಾಗಿ ಹೆಬ್ಬೆರಳಿನ ಅಗಲಕ್ಕೆ, ಬಣ್ಣ ಹೋಗಿ ಸಣ್ಣ ಸಣ್ಣ ಕುಳಿ ಬಿದ್ದಿರುತ್ತವೆ. ವರ್ಷವರ್ಷವೂ ಅದೇ ಜಾಗಕ್ಕೆ ಹಚ್ಚಿದ್ದರಿಂದ ಕುಳಿ ಆಳವಾಗುತ್ತ ಹೋಗಿರುತ್ತದೆ. ಅದನ್ನು ಯಾವ ಆರ್ಮರರೂ ತುಂಬಿಕೊಡಲಾರ.

ಹಿಂದಿನ ದಿನವೇ ಲೋಹಕ್ಕೆ ಮೇಣ ಸವರಿ. ಕೋವಿಯನ್ನು ಒಣ ರೇಷ್ಮೆ ವಸ್ತ್ರದ ಮೇಲಿಟ್ಟು, ಕುಂಕುಮವನ್ನು ವಸ್ತ್ರಕ್ಕೋ ಪಕ್ಕದ ತೆಂಗಿನಕಾಯಿಗೋ ಇಡಿ. ಕೋವಿಗೇ ಇಡಬೇಕು ಎಂದು ಅಜ್ಜಿ ಹೇಳಿದರೆ ಒಣ ಕುಂಕುಮ, ಒಂದು ಚಿಟಿಕೆ, ಲೋಹದ ಬದಲು ಹಿಡಿಯ ಮೇಣ ಹಚ್ಚಿದ ಮರದ ಮೇಲೆ. ನಿಂಬೆಹಣ್ಣು ತಟ್ಟೆಯಲ್ಲಿರಲಿ. ತೋಕ್ ಪೂ ಇಟ್ಟಿದ್ದರೆ ಪೂಜೆ ಮುಗಿದ ಕೂಡಲೇ ತೆಗೆದು ನಳಿಗೆಯ ಬಾಯಿಯನ್ನು ಒಳಗೂ ಹೊರಗೂ ಒಣಬಟ್ಟೆಯಿಂದ ಒರೆಸಿ. ಸಂಜೆಯೊಳಗೆ ಎಲ್ಲ ಒರೆಸಿ ಒಳಗಿಡಿ.

8. ಚುನಾವಣೆಯ ಡಿಪಾಸಿಟ್

ಚುನಾವಣೆ ಘೋಷಣೆಯಾದರೆ ಲೈಸೆನ್ಸ್ ಕೋವಿಗಳನ್ನು ಡಿಪಾಸಿಟ್ ಮಾಡಲು ಆದೇಶ ಬರುತ್ತದೆ. ಹಲವು ವಾರ ಕೋವಿ ನಿಮ್ಮ ಕೈಯಲ್ಲಿರುವುದಿಲ್ಲ. ಒಂದರ ಮೇಲೊಂದು ಒರಗಿಸಿಟ್ಟ ಜಾಗದಲ್ಲಿ ಗೀರು ಬಿದ್ದು ಬಂದ ಉದಾಹರಣೆಗಳಿವೆ. ಆದೇಶದಲ್ಲಿ ಅವಕಾಶವಿದ್ದರೆ ಠಾಣೆಯ ಬದಲು ಲೈಸೆನ್ಸ್ ಇರುವ ಡೀಲರ್ ಬಳಿ ಇಡಿ. ಬಾಡಿಗೆ ಕೊಟ್ಟರೂ ಲಾಭವೇ. ಕೊಡುವ ಹಿಂದಿನ ದಿನ ಮೇಣ ಹಚ್ಚಿ, ಫೋಟೋ ತೆಗೆದು, ರಸೀದಿಯಲ್ಲಿ ತಯಾರಕರ ಹೆಸರು, ಕ್ರಮಸಂಖ್ಯೆ, ಈಗಿನ ಸ್ಥಿತಿ ಮೂರೂ ಬರೆಸಿಕೊಳ್ಳಿ. ಮುಗಿದ ಕೂಡಲೇ ಹೋಗಿ ತನ್ನಿ, ತಂದ ದಿನವೇ ಒರೆಸಿ ನೋಡಿ.

9. ಕೋವಿಯ ಚರಿತ್ರೆಯನ್ನು ಕಾಗದಕ್ಕೆ ಇಳಿಸಿ

ಟಿಪ್ಪುವಿನ ಮಲಗುವ ಕೋಣೆಯ ಖಡ್ಗ 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ 1.4 ಕೋಟಿ ಪೌಂಡಿಗೂ ಹೆಚ್ಚಿಗೆ ಹೋಯಿತು. ಅದರ ಕೆಲಸಗಾರಿಕೆ ಅಪೂರ್ವ ನಿಜ, ಆದರೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ದಾಳಿಯ ಮುಂದಾಳು ಜನರಲ್ ಬೇರ್ಡ್‌ಗೆ ಸಂದಿತು ಎಂಬ ದಾಖಲೆ ಇಲ್ಲದಿದ್ದರೆ ಆ ಬೆಲೆ ಬರುತ್ತಿರಲಿಲ್ಲ. ನಮ್ಮ ಮನೆಯ ಕೋವಿಗೂ ಅದರ ಅಳತೆಯಲ್ಲಿ ಇದೇ ಲೆಕ್ಕ. ಹಳೆಯ ಲೈಸೆನ್ಸ್ ಪುಸ್ತಕಗಳು, ಅಂಗಡಿಯ ಬಿಲ್ಲು, ಶಿಕಾರಿ ಪರವಾನಗಿ, ಕೋವಿ ಹಿಡಿದ ಅಜ್ಜನ ಫೋಟೋ, ಇವನ್ನು ರದ್ದಿಗೆ ಹಾಕಬೇಡಿ. ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಹೆಸರು, ಊರು, ವರ್ಷ ಬರೆದು ಆಮ್ಲವಿಲ್ಲದ ಕಾಗದದ ಕವರಿನಲ್ಲಿಡಿ. ಗೊತ್ತಿದ್ದವರು ಇರುವಾಗಲೇ ಕೇಳಿ ಬರೆದುಕೊಳ್ಳಿ. ಕೇಳಿದ್ದನ್ನು ಕೇಳಿದ್ದು ಎಂದೇ ಬರೆಯಿರಿ. ಮಹಾರಾಜರು ಕೊಟ್ಟಿದ್ದಂತೆ ಎಂಬ ಆಧಾರವಿಲ್ಲದ ಒಂದು ಮಾತು ಉಳಿದ ನಿಜವಾದ ದಾಖಲೆಗಳ ಮೇಲೂ ಅನುಮಾನ ತರುತ್ತದೆ.

10. ಬೆಲೆ ಕಟ್ಟಿಸುವುದು, ಮಾರುವುದು

ವಿದೇಶಿ ಹರಾಜಿನ ಬೆಲೆಯನ್ನು ರೂಪಾಯಿಗೆ ಗುಣಿಸಿ ಲೆಕ್ಕ ಹಾಕಬೇಡಿ. ನೂರು ವರ್ಷ ದಾಟಿದ ವಸ್ತು 1972ರ ಪುರಾತನ ವಸ್ತು ಮತ್ತು ಕಲಾ ಸಂಪತ್ತು ಕಾಯ್ದೆಗೆ ಬರುತ್ತದೆ, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಹಿಡಿಯಲ್ಲೋ ಗುರಿಯ ಮಣಿಯಲ್ಲೋ ಆನೆದಂತ ಇದ್ದರೆ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಆ ಬಗ್ಗೆ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ದಂತವನ್ನು ಕಿತ್ತು ಪ್ಲಾಸ್ಟಿಕ್ ಕೂರಿಸುವ ಸಲಹೆಗೆ ಕಿವಿಗೊಡಬೇಡಿ. ಒಬ್ಬರಿಗೆ ಎರಡೇ ಎಂಬ ಮಿತಿಯಿಂದಾಗಿ ಕೊಳ್ಳುವವರ ಸಂಖ್ಯೆ ಕಡಿಮೆ. ಅವರು ಆರಿಸಿ ಆರಿಸಿ ಕೊಳ್ಳುತ್ತಾರೆ. ಮೂಲ ಸ್ಥಿತಿಯಲ್ಲಿರುವ ಒಳ್ಳೆಯ ಇಂಗ್ಲಿಷ್ ಕೋವಿಗೂ, ಉಜ್ಜಿ ಹೊಳೆಸಿದ ಅದೇ ಹೆಸರಿನ ಕೋವಿಗೂ ಇರುವ ಅಂತರ ಇದರಿಂದ ಇನ್ನೂ ಹೆಚ್ಚಿದೆ.

ಒಬ್ಬರ ಮಾತಿಗೇ ಒಪ್ಪಬೇಡಿ. ಬೇರೆ ಬೇರೆ ಊರಿನ ಇಬ್ಬರು ಡೀಲರ್‌ಗಳಿಂದ ಬೆಲೆ ಕೇಳಿ, ಕೊಳ್ಳುವ ಆಸೆಯಿಲ್ಲದ ಒಬ್ಬ ಸಂಗ್ರಹಕಾರರಿಗೂ ತೋರಿಸಿ. ಮಾರುವುದು ಖಚಿತವಾದರೆ ಕೊಳ್ಳುವವರ ಲೈಸೆನ್ಸಿನಲ್ಲಿ ಆ ಬಗೆಯ ಕೋವಿಗೆ ಅನುಮತಿ ಇದೆಯೇ ನೋಡಿ. ಖಾಸಗಿಯಾಗಿ ಮಾರುವಾಗ ಲೈಸೆನ್ಸ್ ಅಧಿಕಾರಿಗೋ ಹತ್ತಿರದ ಠಾಣೆಗೋ ಮೊದಲೇ ಬರೆದು ತಿಳಿಸಬೇಕು, ತಿಳಿಸಿ 45 ದಿನ ಕಳೆಯುವವರೆಗೆ ಕೋವಿ ಕೈ ಬದಲಿಸುವಂತಿಲ್ಲ. ಆ 45 ದಿನವೂ ಅದು ನಿಮ್ಮ ಬೀರುವಿನಲ್ಲೇ ಇರಲಿ. ಮುಂಗಡ ಕೊಟ್ಟೆನೆಂದು ಯಾರು ಕೇಳಿದರೂ ಕೊಟ್ಟು ಕಳಿಸಬೇಡಿ. ಕೊಟ್ಟ ದಿನ ನಿಮ್ಮ ಲೈಸೆನ್ಸಿನಿಂದ ಆ ಸಂಖ್ಯೆಯನ್ನು ತೆಗೆಸಿ, ಫೋಟೋಗಳ, ತಯಾರಕರ ಪತ್ರದ ಒಂದೊಂದು ಪ್ರತಿ ನಿಮ್ಮಲ್ಲಿಟ್ಟುಕೊಂಡು, ಮೂಲವನ್ನೆಲ್ಲ ಕೋವಿಯ ಜೊತೆಗೇ ಕಳಿಸಿ.